ನದಿ ದಂಡೆ ಕುಸಿದು ಹಳೆಯ ಮರ ಕಾಣಿಸಿಕೊಂಡಿದೆ: ಎತ್ತಬೇಕೆ, ಬಿಡಬೇಕೆ?

ಪ್ರಶ್ನೆ: ಕಳೆದ ಪ್ರವಾಹ ಇಳಿದ ಮೇಲೆ ನಮ್ಮ ನದಿಯ ಹೊರತಿರುವಿನಲ್ಲಿ ದಂಡೆಯ ದೊಡ್ಡ ಭಾಗ ಕುಸಿದುಬಿದ್ದಿದೆ. ಅದರ ಬುಡದ ಬೂದುಬಣ್ಣದ ಜೇಡಿಮಣ್ಣಿನಲ್ಲಿ ಸಾಲಾಗಿ ನೆಟ್ಟಂತಿರುವ ಕಪ್ಪು ಗೂಟಗಳೂ ಚೌಕಾಕಾರದ ತೂತುಗಳಿರುವ ಒಂದು ಹಲಗೆಯೂ ಕಾಣುತ್ತಿವೆ. ಯಾರೋ ಒಂದು ತುಂಡನ್ನು ಮುರಿದು ತಂದು ನೆರಳಿನಲ್ಲಿ ಒಣಗಿಸಿದರು. ಕೆಲವೇ ವಾರಗಳಲ್ಲಿ ಅದು ಕುಗ್ಗಿ, ಸೀಳಿ, ತಿರುಚಿಕೊಂಡಿತು. ಮುಂದಿನ ನೆರೆಗೆ ಎಲ್ಲವೂ ಕೊಚ್ಚಿಹೋಗುತ್ತದೆ, ಅಷ್ಟರೊಳಗೆ ಯಂತ್ರ ತರಿಸಿ ಎತ್ತಿಬಿಡೋಣ ಎಂದು ಕೆಲವರು ಹೇಳುತ್ತಾರೆ. ಎಣ್ಣೆ ಹಚ್ಚಿದರೆ ಒಡೆಯುವುದಿಲ್ಲ ಎಂದು ಇನ್ನು ಕೆಲವರು. ಇಷ್ಟು ಕಾಲ ಉಳಿದದ್ದು ಇನ್ನೂ ಉಳಿಯುತ್ತದೆ, ಮುಟ್ಟಬೇಡಿ ಎಂಬುದು ಮತ್ತೊಂದು ಗುಂಪಿನ ಮಾತು. ಕಪ್ಪಾಗಿರುವುದರಿಂದ ಅದು ಸುಟ್ಟುಹೋದ ಹಡಗು ಎಂದೂ ಸುದ್ದಿಯಿದೆ. ಇವುಗಳಲ್ಲಿ ಯಾವುದು ಸರಿ? ಅಗೆದು ತೆಗೆದರೆ ಮರ ಉಳಿಯುತ್ತದೆಯೇ, ಬೇಗ ಹಾಳಾಗುತ್ತದೆಯೇ?

ಉತ್ತರ: ನಿಮ್ಮ ಪ್ರಶ್ನೆಯಲ್ಲಿ ಎರಡು ಆತಂಕಗಳು ಒಟ್ಟಿಗೆ ಇವೆ. ಬಿಟ್ಟರೆ ನದಿ ಒಯ್ಯುತ್ತದೆ, ತೆಗೆದರೆ ಗಾಳಿ ಹಾಳುಮಾಡುತ್ತದೆ. ಎರಡಕ್ಕೂ ಕಾರಣವಿದೆ, ಇಂಥ ನೆಲೆಗಳಲ್ಲಿ ಕೆಲಸ ಮಾಡುವ ನಾವೂ ಪ್ರತಿಸಲ ಇವೆರಡರ ನಡುವೆಯೇ ದಾರಿ ಹುಡುಕಬೇಕಾಗುತ್ತದೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಎತ್ತಿದ ಗಳಿಗೆಯಿಂದ ಮರವನ್ನು ಒದ್ದೆಯಾಗಿಯೇ ಇಡಲು ಜಾಗವೂ ಮುಂದೆ ವರ್ಷಗಟ್ಟಲೆ ಅದನ್ನು ನೋಡಿಕೊಳ್ಳುವ ಹೊಣೆಗಾರರೂ ಸಿದ್ಧವಿಲ್ಲದಿದ್ದರೆ ಒಂದು ಗೂಟವನ್ನೂ ಅಲುಗಿಸಬಾರದು. ಆದರೆ ದಾಖಲಿಸುವ ಕೆಲಸ ಮಾತ್ರ ಒಂದು ದಿನವೂ ತಡವಾಗಬಾರದು. ಯಾವ ಗೂಟ ಎಲ್ಲಿ, ಎಷ್ಟು ಆಳದಲ್ಲಿ, ಯಾವುದರ ಪಕ್ಕದಲ್ಲಿ ನಿಂತಿತ್ತು ಎಂಬುದು ಕಳೆದುಹೋದರೆ, ಮರ ಎಷ್ಟೇ ಚೆನ್ನಾಗಿ ಉಳಿದರೂ ಅದರಿಂದ ತಿಳಿಯುವುದು ತೀರ ಕಡಿಮೆ.

ಈ ಮರ ಇಷ್ಟು ಕಾಲ ಉಳಿದದ್ದು ಅದು ಗಟ್ಟಿ ಜಾತಿಯದಾದ್ದರಿಂದ ಎಂದು ಬಹಳ ಜನ ನಂಬುತ್ತಾರೆ; ಕಲ್ಲಾಗಿ ಮಾರ್ಪಟ್ಟಿದೆ ಎನ್ನುವವರೂ ಉಂಟು. ಎರಡೂ ಸರಿಯಲ್ಲ. ಮರವನ್ನು ಬೇಗ ತಿನ್ನುವುದು ಶಿಲೀಂಧ್ರ, ಅದಕ್ಕೆ ತೇವವೂ ಬೇಕು, ಆಮ್ಲಜನಕವೂ ಬೇಕು. ಸದಾ ಒಣಗಿರುವ ಗೋರಿಯೊಳಗೆ ತೇವವಿಲ್ಲದ್ದರಿಂದ ಮರ ಉಳಿಯುತ್ತದೆ. ಸದಾ ನೀರು ನಿಂತಿರುವ ಜೇಡಿಯೊಳಗೆ ಆಮ್ಲಜನಕವಿಲ್ಲದ್ದರಿಂದ ಉಳಿಯುತ್ತದೆ. ಪಾಟಲಿಪುತ್ರದ ಮೌರ್ಯರ ಕಾಲದ ಮರದ ಕೋಟೆಗೋಡೆಯ ಭಾಗಗಳು ಬುಲಂದಿ ಬಾಗ್‌ನ ತೇವದ ನೆಲದಲ್ಲಿ ಇಪ್ಪತ್ತನೆಯ ಶತಮಾನದವರೆಗೂ ಇದ್ದದ್ದು ಈ ಕಾರಣದಿಂದಲೇ. ಹಾಗೆಂದು ಜೇಡಿಯೊಳಗಿನ ಮರಕ್ಕೆ ಏನೂ ಆಗುವುದಿಲ್ಲವೆಂದಲ್ಲ. ಅತ್ಯಲ್ಪ ಆಮ್ಲಜನಕದಲ್ಲೂ ಬದುಕಬಲ್ಲ ಕೆಲವು ಬ್ಯಾಕ್ಟೀರಿಯಾಗಳು ಹೊರಮೈಯಿಂದ ಒಳಕ್ಕೆ, ಶತಮಾನಗಳ ನಿಧಾನಗತಿಯಲ್ಲಿ, ಜೀವಕೋಶದ ಗೋಡೆಯ ಸೆಲ್ಯುಲೋಸನ್ನು ಕರಗಿಸುತ್ತ ಹೋಗುತ್ತವೆ. ಕೋಶಕೋಶಗಳ ನಡುವಿನ, ಲಿಗ್ನಿನ್ ಹೆಚ್ಚಿರುವ ತೆಳುಪದರವನ್ನು ಅವು ಬಹುಮಟ್ಟಿಗೆ ಬಿಟ್ಟುಬಿಡುತ್ತವೆ. ಕರಗಿಹೋದ ಭಾಗದ ಜಾಗವನ್ನು ನೀರು ತುಂಬಿಕೊಳ್ಳುತ್ತದೆ. ಹಾಗಾಗಿ ಕಣ್ಣಿಗೆ ಇಡಿಯಾಗಿ ಕಾಣುವ, ಉಳಿಯ ಗುರುತು ಕೂಡ ಅಳಿಯದ ಆ ಗೂಟ ಒಳಗೆ ಜೇನುಗೂಡಿನ ಹಾಗೆ ತೆಳುಗೋಡೆಗಳ ಒಂದು ಹಂದರವಾಗಿದ್ದು, ಅದರ ಆಕಾರವನ್ನು ಹಿಡಿದು ನಿಲ್ಲಿಸಿರುವುದು ನೀರೇ.

ನಿಮ್ಮವರು ಒಣಗಿಸಿದ ತುಂಡಿಗೆ ಏನಾಯಿತೆಂಬುದು ಇದರಿಂದ ತಿಳಿಯುತ್ತದೆ. ಹಸಿ ಮರ ಒಣಗುವಾಗಲೂ ಕುಗ್ಗುತ್ತದೆ, ಆದರೆ ಉಂಗುರಗಳ ದಿಕ್ಕಿನಲ್ಲಿ ಸಾಮಾನ್ಯವಾಗಿ ಶೇಕಡ 5ರಿಂದ 10ರಷ್ಟು ಮಾತ್ರ, ಉದ್ದಕ್ಕಂತೂ ನಗಣ್ಯ. ನೀರುಂಡ ಹಳೆಯ ಮರದ ಲೆಕ್ಕವೇ ಬೇರೆ. ಒಣಮರದ ತೂಕಕ್ಕೆ ಹೋಲಿಸಿ ಅದರೊಳಗಿನ ನೀರಿನ ತೂಕವನ್ನು ನಾವು ಶೇಕಡಾವಾರು ಅಳೆಯುತ್ತೇವೆ. ಅದು 185ಕ್ಕಿಂತ ಕಡಿಮೆಯಿದ್ದರೆ ಮರ ಬಹುಪಾಲು ಗಟ್ಟಿಯಾಗಿದೆಯೆಂದೂ 400 ದಾಟಿದರೆ ತೀವ್ರವಾಗಿ ಶಿಥಿಲವಾಗಿದೆಯೆಂದೂ ಎಣಿಸುವುದು ರೂಢಿ. ನಾಲ್ಕು ಪಾಲು ನೀರಿಗೆ ಒಂದು ಪಾಲು ಮರ ಎಂದರೆ ಎಂಥ ಸ್ಥಿತಿ ಎಂದು ಊಹಿಸಿಕೊಳ್ಳಿ. ನೀರು ಆರಿ ಹೊರಗೆ ಹೋಗುವಾಗ ಅದರ ಮೇಲ್ಮೈ ಸೆಳೆತ ಕೋಶದ ಗೋಡೆಗಳನ್ನು ಒಳಕ್ಕೆ ಎಳೆಯುತ್ತದೆ. ಬಲವಿಲ್ಲದ ಗೋಡೆಗಳು ಒಂದರ ಮೇಲೊಂದು ಕುಸಿದು ಅಂಟಿಕೊಳ್ಳುತ್ತವೆ. ಆಮೇಲೆ ಎಷ್ಟು ನೀರಿನಲ್ಲಿ ನೆನೆಸಿದರೂ ಮೊದಲಿನ ಆಕಾರ ಬರುವುದಿಲ್ಲ. ಹೊರಪದರ ಮೆತ್ತಗಾಗಿ ಒಳತಿರುಳು ಗಟ್ಟಿಯಾಗಿ ಉಳಿದಿದ್ದರೆ ಎರಡೂ ಬೇರೆಬೇರೆ ಪ್ರಮಾಣದಲ್ಲಿ ಕುಗ್ಗುವುದರಿಂದ ಸೀಳೂ ತಿರುಚೂ ಒಟ್ಟಿಗೇ ಬರುತ್ತವೆ. ನೆರಳಿನಲ್ಲಿ ನಿಧಾನವಾಗಿ ಒಣಗಿಸಿದರೆ ಇದು ತಪ್ಪುತ್ತದೆಂಬುದು ಹಸಿ ಮರದ ವಿಷಯದಲ್ಲಿ ಬಡಗಿಗಳು ಕಂಡುಕೊಂಡ ಸತ್ಯ. ಈ ಮರಕ್ಕೆ ಅದು ಸಲ್ಲುವುದಿಲ್ಲ. ಎಣ್ಣೆಯೂ ಅಷ್ಟೇ. ನೀರು ತುಂಬಿರುವ ಕೋಶದೊಳಗೆ ಎಣ್ಣೆ ಇಳಿಯದೆ ಮೇಲೆ ಜಿಡ್ಡಿನ ಪದರವಾಗಿ ನಿಂತು, ಮುಂದೆ ಮಾಡಬೇಕಾದ ಸರಿಯಾದ ಚಿಕಿತ್ಸೆಗೆ ಅಡ್ಡಿಯಾಗುತ್ತದೆ; ಕಾಲನಿರ್ಣಯದ ಮಾದರಿಯನ್ನೂ ಕೆಡಿಸುತ್ತದೆ. ಒಣಗಿದ ಆ ತುಂಡನ್ನು ದಯವಿಟ್ಟು ಎಸೆಯಬೇಡಿ, ಮತ್ತೆ ನೆನೆಸಲೂ ಬೇಡಿ. ಅದು ಯಾವ ಜಾತಿಯ ಮರವೆಂದು ಸೂಕ್ಷ್ಮದರ್ಶಕದಲ್ಲಿ ನೋಡಲು, ಕಾಲ ತಿಳಿಯಲು ಮಾಡುವ ರೇಡಿಯೊಕಾರ್ಬನ್ ಪರೀಕ್ಷೆಗೆ ಮಾದರಿ ತೆಗೆಯಲು ಅದು ಇನ್ನೂ ಉಪಯೋಗಕ್ಕೆ ಬರಬಹುದು. ಶುದ್ಧವಾದ ಪಾಲಿಥೀನ್ ಚೀಲದಲ್ಲಿಟ್ಟು, ಎಲ್ಲಿಂದ ಮುರಿದದ್ದು ಎಂಬುದನ್ನು ಮುರಿದವರಿಂದಲೇ ಕೇಳಿ ಬರೆದಿಡಿ.

ಕಪ್ಪು ಬಣ್ಣದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಮರದ ಒಗರಿನ ಅಂಶವಾದ ಟ್ಯಾನಿನ್, ಮಣ್ಣುನೀರಿನ ಕಬ್ಬಿಣದೊಡನೆ ಕೂಡಿದರೆ ಮರ ಕಪ್ಪಾಗುತ್ತದೆ, ಬೆಂಕಿ ಬೇಕಿಲ್ಲ. ನಿಜವಾಗಿ ಸುಟ್ಟ ಮರದ ಮೈ ಸಣ್ಣ ಚೌಕಚೌಕವಾಗಿ ಬಿರಿದಿರುತ್ತದೆ, ಬೆರಳಿಗೆ ಮಸಿ ಹತ್ತುತ್ತದೆ. ತೂತಿರುವ ಹಲಗೆ ಕಂಡ ಮಾತ್ರಕ್ಕೆ ಹಡಗು ಎನ್ನಲೂ ಆಗದು. ದಂಡೆಯಲ್ಲಿ ಸಾಲಾಗಿ ನಿಂತ ಗೂಟಗಳು ದಂಡೆಗಟ್ಟೆಯದೋ ದೋಣಿ ಕಟ್ಟುವ ಕಟ್ಟೆಯದೋ ಸೇತುವೆಯದೋ ಮೀನಿನ ಬೇಲಿಯದೋ ಇರಬಹುದು. ಲಂಡನ್ನಿನ ಥೇಮ್ಸ್ ದಂಡೆಯಲ್ಲಿ ಮಧ್ಯಯುಗದ ದಂಡೆಗಟ್ಟೆಗಳಿಗೆ ಒಡೆದ ಹಡಗುಗಳ ಹಲಗೆಗಳನ್ನೇ ಮತ್ತೆ ಬಳಸಿದ್ದರು. ಅಲ್ಲಿ ಸಿಕ್ಕ ಹಲಗೆ ಹಡಗಿನದೇ ಆದರೂ ಅದು ನಿಂತ ಜಾಗದಲ್ಲಿ ಹಡಗು ಇರಲಿಲ್ಲ. ಹಲಗೆಯೊಂದರಿಂದಲೇ ಏನನ್ನೂ ತೀರ್ಮಾನಿಸಬಾರದೆಂದು ನಾನು ಒತ್ತಿ ಹೇಳುವುದು ಇದಕ್ಕೇ.

ಇದನ್ನು ಎಲ್ಲಕ್ಕಿಂತ ಚೆನ್ನಾಗಿ ತೋರಿಸುವ ನಿದರ್ಶನ ಜಾಂಬಿಯಾದ ಕಲಾಂಬೊ ಜಲಪಾತದ ಬಳಿಯದು. ಅಲ್ಲಿ ನದಿ ಕೊರೆದ ದಂಡೆಯ ಒದ್ದೆ ಮರಳಿನೊಳಗೆ 2019ರಲ್ಲಿ ಎರಡು ದಿಮ್ಮಿಗಳು ಸಿಕ್ಕವು. ಒಂದರ ಮೇಲೊಂದು ಅಡ್ಡಲಾಗಿ ಮಲಗಿದ್ದವು. ಅವು ಕೂಡುವ ಜಾಗದಲ್ಲಿ ಮೇಲಿನ ದಿಮ್ಮಿಗೆ ಬೇಕೆಂದೇ ಕೊರೆದ ಕಚ್ಚು ಇತ್ತು. ಸುತ್ತಲಿನ ಮರಳಿನ ಕಣಗಳು ಕೊನೆಯ ಸಲ ಬೆಳಕು ಕಂಡದ್ದು ಯಾವಾಗ ಎಂದು ಅಳೆಯುವ ವಿಧಾನದಿಂದ ಅದರ ಕಾಲ ಸುಮಾರು 4,76,000 ವರ್ಷಗಳ ಹಿಂದಿನದೆಂದು ಗೊತ್ತಾಗಿ, 2023ರಲ್ಲಿ ಪ್ರಕಟವಾಯಿತು. ರೇಡಿಯೊಕಾರ್ಬನ್ ವಿಧಾನ ತಲುಪುವುದು ಸುಮಾರು 50,000 ವರ್ಷಗಳವರೆಗೆ ಮಾತ್ರ, ಆದ್ದರಿಂದ ಅಲ್ಲಿ ಮರಕ್ಕಿಂತ ಮರಳೇ ಕಾಲವನ್ನು ಹೇಳಬೇಕಾಯಿತು. ಮನುಷ್ಯರ ಪೂರ್ವಜರು ಮರವನ್ನು ಜೋಡಿಸಿ ಏನನ್ನೋ ಕಟ್ಟುತ್ತಿದ್ದರು ಎಂಬ ಅರಿವು ಬಂದದ್ದು ಆ ಎರಡು ದಿಮ್ಮಿಗಳು ಇದ್ದ ಹಾಗೆಯೇ, ಇದ್ದ ಮಣ್ಣಿನಲ್ಲೇ ಕಣ್ಣಿಗೆ ಬಿದ್ದದ್ದರಿಂದ. ಯಾರಾದರೂ ಯಂತ್ರದ ಸರಪಳಿ ಬಿಗಿದು ಎಳೆದಿದ್ದರೆ ಉಳಿಯುತ್ತಿದ್ದದ್ದು ಎರಡು ಹಳೆಯ ಕೊರಡು, ಅಷ್ಟೇ.

ಹಾಗಾದರೆ ಮುಟ್ಟದೆ ಬಿಡುವುದೇ ಲೇಸೆ? ಮಣ್ಣೊಳಗೆ ಪೂರ್ತಿ ಹುದುಗಿದ್ದ ತನಕ ಆ ಮಾತು ನಿಜವಾಗಿತ್ತು, ಈಗ ಅಲ್ಲ. ಕುಸಿತದಿಂದ ಮರದ ತಲೆಗಳು ಗಾಳಿಗೆ ತೆರೆದುಕೊಂಡಿವೆ, ನದಿಯ ನೀರು ದಿನಕ್ಕೊಂದು ಮಟ್ಟದಲ್ಲಿ ಏರಿಳಿಯುತ್ತಿದೆ. ಮರಕ್ಕೆ ಒಣಗುವುದಕ್ಕಿಂತಲೂ ಒದ್ದೆಯಾಗುವುದಕ್ಕಿಂತಲೂ ಕೆಟ್ಟದ್ದು ಇವೆರಡೂ ಸರದಿಯಲ್ಲಿ ಬರುವುದು. ಇಂಗ್ಲೆಂಡಿನ ಸ್ಟಾರ್ ಕಾರ್ ಎಂಬಲ್ಲಿ ಸುಮಾರು 11,000 ವರ್ಷಗಳ ಹಿಂದಿನ ಮರ ಮತ್ತು ಮೂಳೆ 1949ರಿಂದ 1951ರವರೆಗಿನ ಉತ್ಖನನದಲ್ಲಿ ಉತ್ತಮ ಸ್ಥಿತಿಯಲ್ಲಿ ದೊರೆತಿದ್ದವು. ಸುತ್ತಲಿನ ಜಮೀನಿನ ನೀರು ಬಸಿದು ನೆಲ ಒಣಗುತ್ತ ಬಂದಂತೆ ಮಣ್ಣು ತೀವ್ರ ಆಮ್ಲೀಯವಾಗಿ, ಮತ್ತೆ ಅಗೆದಾಗ ಹಲವು ಮೂಳೆಗಳು ಮೆತ್ತಗೆ ಬಾಗುವಷ್ಟು ಕೆಟ್ಟಿದ್ದವು. ಅಲ್ಲಿ ಯಾರೂ ಏನನ್ನೂ ಕಿತ್ತಿರಲಿಲ್ಲ. ನೀರಿನ ಮಟ್ಟ ಮಾತ್ರ ಬದಲಾಗಿತ್ತು.

ದಂಡೆ ಕುಸಿಯುವ ಬಗೆಯನ್ನೂ ಸ್ವಲ್ಪ ನೋಡಬೇಕು, ಏಕೆಂದರೆ ನಿಮಗೆ ಎಷ್ಟು ಸಮಯವಿದೆಯೆಂಬುದು ಅದರ ಮೇಲೆ ನಿಂತಿದೆ. ತಿರುವಿನ ಹೊರಬದಿಯಲ್ಲಿ ಹರಿವಿನ ವೇಗ ಹೆಚ್ಚಾಗಿ ದಂಡೆಯ ಬುಡವನ್ನು ಕೊರೆಯುತ್ತದೆ, ಮೇಲಿನ ಭಾಗ ಆಧಾರ ತಪ್ಪಿ ಬೀಳುತ್ತದೆ. ದೊಡ್ಡ ಕುಸಿತಗಳಲ್ಲಿ ಎಷ್ಟೋ ನೆರೆ ಏರುವಾಗ ಆಗುವುದಿಲ್ಲ, ಇಳಿಯುವಾಗ ಆಗುತ್ತವೆ. ಏರಿದ ನೀರು ದಂಡೆಯ ಮೈಗೆ ಒತ್ತುಕೊಟ್ಟು ನಿಂತಿರುತ್ತದೆ. ಅದು ಸರ್ರನೆ ಇಳಿದುಬಿಟ್ಟರೆ ನೀರು ಕುಡಿದು ಭಾರವಾದ ಮಣ್ಣಿಗೆ ಆ ಒತ್ತು ತಪ್ಪಿ ಜಾರುತ್ತದೆ. ಅಣೆಕಟ್ಟಿನ ಕೆಳಗಿನ ನದಿಯಾದರೆ ನೀರು ಬಿಡುವ, ನಿಲ್ಲಿಸುವ ಪ್ರತಿಸಲವೂ ಈ ಅಪಾಯವಿದೆ. ಹತ್ತಿರದಲ್ಲಿ ಮರಳು ತೆಗೆಯುತ್ತಿದ್ದರೆ ಪಾತ್ರ ಆಳವಾಗಿ ಬುಡ ಇನ್ನೂ ಬೇಗ ಸಡಿಲವಾಗುತ್ತದೆ. ಆದ್ದರಿಂದ ಮರದ ಫೋಟೊ ತೆಗೆಯಲೆಂದು ಆ ಕಡಿದಾದ ದಂಡೆಯ ಕೆಳಗೆ ಯಾರೂ ನಿಲ್ಲದಿರಲಿ, ಮಕ್ಕಳನ್ನಂತೂ ಕರೆದೊಯ್ಯಬೇಡಿ. ಹಿಂದಿನ ಅಂಚಿನಿಂದ ಸುರಕ್ಷಿತ ದೂರದಲ್ಲಿ ಒಂದೆರಡು ಗೂಟ ನೆಟ್ಟು, ಅಲ್ಲಿಂದ ದಂಡೆಯ ಅಂಚಿಗೆ ಎಷ್ಟು ದೂರವಿದೆಯೆಂದು ಆಗಾಗ ಅಳೆದು ತಾರೀಖು ಹಾಕಿ ಬರೆಯಿರಿ. ಈ ಸರಳ ಅಳತೆ ಮುಂದೆ ತೀರ್ಮಾನ ಕೈಗೊಳ್ಳುವವರಿಗೆ ಬಹಳ ನೆರವಾಗುತ್ತದೆ.

ಪುರಾತತ್ವ ಇಲಾಖೆಗೆ ಲಿಖಿತವಾಗಿ ತಿಳಿಸುವುದು ಮೊದಲ ಕೆಲಸ. ಅನುಮತಿಯಿಲ್ಲದೆ ಇಂಥ ಅವಶೇಷವನ್ನು ಅಗೆಯುವುದು ಅನೇಕ ದೇಶಗಳಲ್ಲಿ ಅಪರಾಧ ಕೂಡ. ಪತ್ರದ ಜೊತೆಗೆ ಅಳತೆಪಟ್ಟಿ ಇಟ್ಟು ತೆಗೆದ ಚಿತ್ರಗಳು, ಜಿಪಿಎಸ್ ಗುರುತು, ಆ ದಿನದ ನೀರಿನ ಮಟ್ಟ ಮತ್ತು ದಂಡೆಯ ಅಳತೆಗಳು ಇರಲಿ. ಅವರು ಬರುವ ತನಕ ತೆರೆದ ಗೂಟದ ತಲೆಗಳನ್ನು ಅಲ್ಲಿಯದೇ ಒದ್ದೆ ಜೇಡಿಯಿಂದ ಮುಚ್ಚಿ, ಮೇಲೆ ನೀರು ಸೋರಲು ಬಿಡುವ ಬಟ್ಟೆ ಹಾಸಿ, ಮರಳು ಚೀಲಗಳನ್ನು ಪಕ್ಕಕ್ಕೆ ಆನಿಸಿಡಬಹುದು. ಚೀಲವನ್ನು ಮರದ ಮೇಲೆ ಹೇರಬೇಡಿ. ಬರೀ ಕಪ್ಪು ಪ್ಲಾಸ್ಟಿಕ್ ಹೊದಿಸಿದರೆ ಬಿಸಿಲಿಗೆ ಒಳಗೆ ಕಾವು ಏರಿ ಬೂಷ್ಟು ಬೆಳೆಯುತ್ತದೆ. ಗಟ್ಟಿಯಿದೆಯೇ ಎಂದು ನೋಡಲು ಚಾಕು ಚುಚ್ಚುವುದೂ ಬೇಡ. ತಾನಾಗಿ ಕಳಚಿ ನೀರಿನಲ್ಲಿ ಬಿದ್ದಿರುವ ತುಂಡು ಸಿಕ್ಕರೆ ಮಾತ್ರ ಎತ್ತಿಕೊಂಡು, ಅದೇ ನೀರು ತುಂಬಿದ ಮುಚ್ಚಳದ ಡಬ್ಬದಲ್ಲಿ ಮುಳುಗಿಸಿ, ಕತ್ತಲೆಯ ತಂಪು ಜಾಗದಲ್ಲಿಡಿ. ಫ್ರೀಜರಿನಲ್ಲಿಟ್ಟರೆ ನೀರು ಮಂಜುಗಟ್ಟಿ ಹಿಗ್ಗಿ ಕೋಶಗಳನ್ನು ಒಡೆಯುತ್ತದೆ.

ಇಲ್ಲಿಂದ ಮುಂದೆ ದಾರಿ ಮೂರು. ದಂಡೆಯನ್ನೇ ಬಲಪಡಿಸಿ ಮರವನ್ನು ಇದ್ದಲ್ಲೇ ಉಳಿಸುವುದು ಮೊದಲನೆಯದು. ಕುಸಿತ ನಿಧಾನವಾಗಿದ್ದರೆ ಇದಕ್ಕಿಂತ ಒಳ್ಳೆಯದಿಲ್ಲ. ಆದರೆ ದೊಡ್ಡ ಬಂಡೆಗಳನ್ನು ಸುರಿದರೆ ಅವುಗಳ ಭಾರಕ್ಕೆ ಮೆತ್ತಗಿನ ಮರ ಅಪ್ಪಚ್ಚಿಯಾಗುತ್ತದೆ, ಹರಿವಿನ ಕೊರೆತ ಬಂಡೆಸಾಲಿನ ಕೊನೆಗೋ ಕೆಳದಂಡೆಗೋ ವರ್ಗವಾಗುತ್ತದೆ. ದಂಡೆ ಹಿಡಿದಿಡಲೆಂದು ಮರಗಿಡ ನೆಟ್ಟರೆ ಬೇರುಗಳು ಹಳೆಯ ಮರದೊಳಕ್ಕೇ ನುಗ್ಗುತ್ತವೆ. ಮುಚ್ಚಿದ ಮೇಲೆ ಅಂತರ್ಜಲದ ಮಟ್ಟವನ್ನು ಅಳೆಯುತ್ತಲೇ ಇರಬೇಕು; ಅಳೆಯದಿದ್ದರೆ ಒಳಗಿನ ಮರ ಉಳಿದಿದೆಯೋ ಇಲ್ಲವೋ ಯಾರಿಗೂ ತಿಳಿಯುವುದಿಲ್ಲ.

ಎರಡನೆಯದು ಪೂರ್ಣ ಉತ್ಖನನ. ಇದು ಒಣನೆಲದ ಅಗೆತದಂತಲ್ಲ. ನದಿಯನ್ನು ತಡೆಯಲು ತಾತ್ಕಾಲಿಕ ಒಡ್ಡು ಹಾಕಿ ಪಂಪಿನಿಂದ ನೀರೆತ್ತಬೇಕು. ಹೆಚ್ಚು ಎತ್ತಿದರೆ ಇನ್ನೂ ಅಗೆಯದ ಪಕ್ಕದ ಮರಗಳೂ ಒಣಗತೊಡಗುತ್ತವೆ. ಗುದ್ದಲಿ, ಕರಣೆ ಮರದ ಹತ್ತಿರ ಸುಳಿಯುವಂತಿಲ್ಲ. ಬೆರಳು, ಬಿದಿರಿನ ಸೀಳು, ಪ್ಲಾಸ್ಟಿಕ್ ಚಮಚ, ಮೆಲ್ಲಗಿನ ನೀರಿನ ಧಾರೆ, ಇವೇ ಉಪಕರಣ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಕರಾವಳಿಯಲ್ಲಿ 1970ರ ಬಿರುಗಾಳಿಗೆ ದಡ ಕೊರೆದು ಮಕಾ ಎಂಬ ಮೂಲನಿವಾಸಿ ಜನರ ಹಳೆಯ ಒಜೆಟ್ ಹಳ್ಳಿಯ ಮನೆಗಳು ಕಾಣಿಸಿಕೊಂಡಾಗ, ಮಣ್ಣನ್ನು ನೀರಿನ ಧಾರೆಯಿಂದಲೇ ತೊಳೆದು ಹನ್ನೊಂದು ವರ್ಷ ಅಗೆದರು. ಅಗೆಯುವವರು ಅಡ್ಡಹಲಗೆಗಳ ಮೇಲೆ ಮಂಡಿಯೂರಿ ಅಥವಾ ಮಲಗಿ ಕೆಲಸ ಮಾಡುತ್ತಾರೆ, ಏಕೆಂದರೆ ತಪ್ಪಿ ಊರಿದ ಒಂದು ಹಿಮ್ಮಡಿ ಮರದಲ್ಲಿ ಗುಳಿಯಾಗಿ ಉಳಿದುಬಿಡುತ್ತದೆ.

ಒಂದು ಗೂಟದ ಮೊನೆಯನ್ನು ಹತ್ತಿರದಿಂದ ನೋಡಿದರೆ ಇಷ್ಟು ಎಚ್ಚರ ಏಕೆಂದು ತಿಳಿಯುತ್ತದೆ. ಜೇಡಿ ತೊಳೆದುಹೋಗುತ್ತಿದ್ದಂತೆ ಮೊನೆಯ ಸುತ್ತ ಕೊಡಲಿಯ ಪೆಟ್ಟುಗಳು ಒಂದೊಂದೂ ಅಂಗೈಯಷ್ಟಗಲದ ಚಪ್ಪಟೆ ಮುಖವಾಗಿ ಹೊಳೆಯುತ್ತವೆ. ಅಲಗಿನ ಅಂಚಿನಲ್ಲಿ ಮುಕ್ಕಿದ್ದರೆ ಅದು ಪ್ರತಿ ಪೆಟ್ಟಿನಲ್ಲೂ ಒಂದೇ ಬಗೆಯ ಸಣ್ಣ ಗೀರಾಗಿ ಮೂಡಿರುತ್ತದೆ. ಹಾಗಾಗಿ ಹತ್ತು ಗೂಟಗಳನ್ನು ಒಂದೇ ಕೊಡಲಿಯಿಂದ ಚೂಪುಮಾಡಿದ್ದರೆ ಅದನ್ನೂ ಹೇಳಬಹುದು. ನೀರು ಚಿಮುಕಿಸದೆ ಬಿಸಿಲಿಗೆ ಬಿಟ್ಟರೆ ಆ ಹೊಳಪು ಮಂಕಾಗಿ, ಕೂದಲೆಳೆಯಂಥ ಬಿರುಕು ಬಿಟ್ಟು ಗೀರುಗಳು ಕಾಣೆಯಾಗಲು ಹೆಚ್ಚು ಹೊತ್ತು ಬೇಡ. ಮೊನೆಗಿಂತ ಮೇಲೆ ಎಲ್ಲಾದರೂ ತೊಗಟೆ ಉಳಿದಿದ್ದರೆ ನಮಗೆ ಅದಕ್ಕಿಂತ ಸಂತೋಷದ ವಿಷಯವಿಲ್ಲ. ತೊಗಟೆಯ ಕೆಳಗಿನ ಕೊನೆಯ ಉಂಗುರವೇ ಮರ ಕಡಿದ ವರ್ಷದ ಉಂಗುರ. ಇಂಗ್ಲೆಂಡಿನ ಹೋಮ್ ಕಡಲತೀರದಲ್ಲಿ ಅಲೆಗಳು ಬಯಲುಮಾಡಿದ ಓಕ್ ಮರದ ವೃತ್ತದ ಕಂಬಗಳನ್ನು ಕ್ರಿಸ್ತಪೂರ್ವ 2049ರ ವಸಂತದಲ್ಲೋ ಬೇಸಿಗೆಯ ಆರಂಭದಲ್ಲೋ ಕಡಿದದ್ದೆಂದು ಹೇಳಲು ಸಾಧ್ಯವಾದದ್ದು ಉಂಗುರಗಳಿಂದಲೇ. ಎಲ್ಲ ಜಾತಿಯ ಮರಗಳಲ್ಲೂ ಇದು ಆಗುವುದಿಲ್ಲ. ಉಷ್ಣವಲಯದ ಅನೇಕ ಮರಗಳ ಉಂಗುರ ಸ್ಪಷ್ಟವಿರುವುದಿಲ್ಲ, ತೇಗ ಅದಕ್ಕೆ ಒಂದು ಒಳ್ಳೆಯ ಅಪವಾದ. ಸರಪಳಿ ಬಿಗಿದು ಎಳೆದರೆ ಮೊದಲು ಕಿತ್ತುಬರುವುದು ಇದೇ ತೊಗಟೆ ಮತ್ತು ಹೊರಮೈ.

ಎತ್ತಿದ ಮೇಲಿನ ಖರ್ಚನ್ನೂ ಕಾಲವನ್ನೂ ಜನ ಸಾಮಾನ್ಯವಾಗಿ ಊಹಿಸಿರುವುದಿಲ್ಲ. ನೀರಿನ ಜಾಗಕ್ಕೆ ಪಾಲಿಎಥಿಲಿನ್ ಗ್ಲೈಕಾಲ್ ಎಂಬ ಮೇಣದಂಥ ವಸ್ತುವನ್ನು ನಿಧಾನವಾಗಿ ಇಳಿಸಿ, ಆಮೇಲೆ ಮರವನ್ನು ಒಣಗಿಸುವುದು ಈಗಿನ ಮುಖ್ಯ ವಿಧಾನ. ಸಣ್ಣ ವಸ್ತುಗಳಾದರೆ ಹೆಪ್ಪುಗಟ್ಟಿಸಿ ನಿರ್ವಾತದಲ್ಲಿ ಒಣಗಿಸುತ್ತಾರೆ. 1961ರಲ್ಲಿ ಮೇಲೆತ್ತಿದ ಸ್ವೀಡನ್ನಿನ ವಾಸಾ ಹಡಗಿಗೆ ಈ ದ್ರಾವಣವನ್ನು ಹದಿನೇಳು ವರ್ಷ ಸಿಂಪಡಿಸಿದರು. 1982ರಲ್ಲಿ ಎತ್ತಿದ ಇಂಗ್ಲೆಂಡಿನ ಮೇರಿ ರೋಸ್ ಹಡಗಿನ ಮೇಲಿನ ಸಿಂಪಡಿಕೆ ನಿಂತದ್ದು 2013ರಲ್ಲಿ. ಅಲ್ಲಿಗೂ ಮುಗಿಯುವುದಿಲ್ಲ. ಮರದೊಳಗೆ ಸೇರಿದ ಗಂಧಕ ಮತ್ತು ಕಬ್ಬಿಣದ ಸಂಯುಕ್ತಗಳು ಗಾಳಿ ತಾಗಿ ಗಂಧಕಾಮ್ಲವಾಗುವುದು ವಾಸಾದಲ್ಲಿ 2000ದ ಹೊತ್ತಿಗೆ ಕಂಡುಬಂತು. ನಾರ್ವೆಯ ಓಸೆಬರ್ಗ್‌ನಲ್ಲಿ 1904ರಲ್ಲಿ ಅಗೆದು ತೆಗೆದ ಮರದ ವಸ್ತುಗಳಲ್ಲಿ ಅನೇಕವನ್ನು ಆಗಿನ ಪದ್ಧತಿಯಂತೆ ಪಟಿಕದ ಬಿಸಿದ್ರಾವಣದಲ್ಲಿ ಅದ್ದಿದ್ದರು. ಅವು ಇಂದು ಆಮ್ಲದಿಂದ ಒಳಗೊಳಗೇ ಪುಡಿಯಾಗುತ್ತಿವೆ. ಇನ್ನೊಂದು ಎಚ್ಚರಿಕೆ: ಪಾಲಿಎಥಿಲಿನ್ ಗ್ಲೈಕಾಲ್ ಪೆಟ್ರೋಲಿಯಂ ಮೂಲದ್ದು, ಕಾಲ ಕಳೆದಂತೆ ಕ್ಷಯಿಸುವ ರೇಡಿಯೊಕಾರ್ಬನ್ ಅದರಲ್ಲಿ ಉಳಿದಿರುವುದಿಲ್ಲ. ಅದು ಮರಕ್ಕೆ ಸೇರಿದ ಮೇಲೆ ಪರೀಕ್ಷೆ ಮಾಡಿದರೆ ಮರ ಇರುವುದಕ್ಕಿಂತ ಹಳೆಯದೆಂದು ಬರುತ್ತದೆ, ಆದ್ದರಿಂದ ಮಾದರಿಯನ್ನು ಚಿಕಿತ್ಸೆಗೆ ಮೊದಲೇ ತೆಗೆದಿರಿಸಬೇಕು.

ಮೂರನೆಯ ದಾರಿ ಇವೆರಡರ ನಡುವಿನದು. ಅಗೆದು, ಒಂದೊಂದು ಮರವನ್ನೂ ನಿಜ ಅಳತೆಯಲ್ಲಿ ಚಿತ್ರಿಸಿ, ಮಾದರಿ ತೆಗೆದು, ತೀರ ವಿಶೇಷವಾದ ಕೆಲವನ್ನಷ್ಟೇ ಸಂರಕ್ಷಣೆಗೆ ಒಯ್ದು, ಉಳಿದುದನ್ನು ಸುರಕ್ಷಿತವಾದ ಒದ್ದೆ ನೆಲದಲ್ಲೋ ನೀರಿನ ಅಡಿಯಲ್ಲೋ ಮತ್ತೆ ಹೂಳುವುದು. ಕೆನಡಾದ ರೆಡ್ ಬೇಯಲ್ಲಿ 1978ರಲ್ಲಿ ಪತ್ತೆಯಾದ ಹದಿನಾರನೆಯ ಶತಮಾನದ, ಸ್ಪೇನ್-ಫ್ರಾನ್ಸ್ ಗಡಿಭಾಗದ ಬಾಸ್ಕ್ ಜನರ ತಿಮಿಂಗಿಲ ಬೇಟೆಯ ಹಡಗನ್ನು ಹೀಗೆಯೇ ತುಂಡುತುಂಡಾಗಿ ಮೇಲೆ ತಂದು, ಪೂರ್ತಿ ದಾಖಲಿಸಿ, ಮತ್ತೆ ನೀರಿನಡಿಯಲ್ಲಿ ಮರಳಿನೊಳಗೆ ಹೂಳಿದರು. ಕಷ್ಟಪಟ್ಟು ತೆಗೆದುದನ್ನು ಮತ್ತೆ ಮಣ್ಣಿಗೆ ಸೇರಿಸುವುದು ಊರಿನವರಿಗೆ ಒಪ್ಪಿಗೆಯಾಗುವುದು ಸುಲಭವಲ್ಲ, ಅದು ನನಗೂ ಗೊತ್ತು. ಆದರೂ ತೊಟ್ಟಿಯಿಲ್ಲದೆ, ಹಣವಿಲ್ಲದೆ ಒಂದು ಕೋಣೆಯ ಮೂಲೆಯಲ್ಲಿ ಹುಡಿಯಾಗುವುದಕ್ಕಿಂತ ಅದು ಮರಕ್ಕೆ ಎಷ್ಟೋ ಹಿತ.

ನೀವು ವಿವರಿಸಿದಂತೆ ಜಾಗ ಹೊರತಿರುವಿನಲ್ಲಿದ್ದು ಒಂದೇ ನೆರೆಗೆ ಇಷ್ಟು ಕುಸಿದಿರುವುದರಿಂದ, ದಂಡೆಯನ್ನು ಶಾಶ್ವತವಾಗಿ ನಿಲ್ಲಿಸುವುದು ಕಷ್ಟವೆಂದೇ ನನ್ನ ಅನಿಸಿಕೆ. ಈಗ ತಾತ್ಕಾಲಿಕವಾಗಿ ಮುಚ್ಚಿ ರಕ್ಷಿಸಿ, ನೀರು ಅತಿ ಕಡಿಮೆಯಿರುವ ಋತುವಿನಲ್ಲಿ ಮೂರನೆಯ ದಾರಿ ಹಿಡಿಯುವಂತೆ ಇಲಾಖೆಯನ್ನು ಕೇಳಿಕೊಳ್ಳಿ. ಗೂಟಗಳ ಸಾಲು ಇನ್ನೂ ಕುಸಿಯದ ದಂಡೆಯೊಳಕ್ಕೆ ಎಷ್ಟು ದೂರ ಹೋಗಿದೆಯೆಂದು ಕೈ ಬೈರಿಗೆಯಿಂದ ಅಲ್ಲಲ್ಲಿ ಮಣ್ಣು ತೆಗೆದು ಅವರು ಮೊದಲು ನೋಡಬೇಕಾಗುತ್ತದೆ. ಅದು ಬಹಳ ಒಳಗಿನವರೆಗೆ ಇದ್ದರೆ ನದಿಗೆ ಹತ್ತಿರದ ಭಾಗವನ್ನು ಮಾತ್ರ ಅಗೆದು ಉಳಿದುದನ್ನು ಮುಟ್ಟದೆ ಬಿಡಬಹುದು. ಅನುಮತಿ, ಹಣ, ತೊಟ್ಟಿ, ಪಂಪು, ಪ್ರಯೋಗಾಲಯದ ಒಪ್ಪಿಗೆ ಇವೆಲ್ಲ ಕೂಡಿಬರಲು ತಿಂಗಳುಗಳೇ ಬೇಕಾಗುವುದರಿಂದ ನೀರು ಇಳಿಯುವ ತನಕ ಕಾಯದೆ ಪತ್ರವನ್ನು ಈ ವಾರವೇ ಕಳುಹಿಸಿ.